ರಾಣಿಬಾಗಿನ ಮ್ಯೂಸಿಯಮ್ಮಿಗೆ ಅಪ್ಪಯ್ಯ

ಮುಂಬಯಿಯಲ್ಲಿ ‘ರೀಡೆವಲಪ್‌ಮೆಂಟ್’ ಎಂದರೆ ಒಂದೇ ಅರ್ಥ: ಹಳೆಯದನ್ನು ಕೆಡವು, ಎತ್ತರಕ್ಕೆ ಕಟ್ಟು. ಠಾಣೆಯ ನಮ್ಮ ಸೊಸೈಟಿಯಲ್ಲಿ ಎರಡು ವರ್ಷದಿಂದ ಇದೇ ಮಾತು. ಮೀಟಿಂಗಿನಲ್ಲಿ ಕೂತಾಗಲೆಲ್ಲ ನನಗೆ ಬೈಕಲಾದ ಭಾವೂ ದಾಜಿ ಲಾಡ್ ಮ್ಯೂಸಿಯಂ ನೆನಪಾಗುತ್ತದೆ. ಅದರ ಜೊತೆಗೆ ಅಪ್ಪಯ್ಯನೂ.

ಅಪ್ಪಯ್ಯ 1968ರಲ್ಲಿ, ಹದಿನೈದನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಬಂದು ಬೈಕಲಾದ ಹೋಟೆಲೊಂದರಲ್ಲಿ ಸೇರಿಕೊಂಡವರು. ಲೋಟ ತೊಳೆಯುವುದರಿಂದ ಶುರು, ಆಮೇಲೆ ಮಾಣಿ, ಕೊನೆಗೆ ಗಲ್ಲಾ. ರಾತ್ರಿ ಬೆಂಚು ಜೋಡಿಸಿ ಅಲ್ಲೇ ಮಲಗುವುದು. ನಾವೆಲ್ಲ ಊರಿನಲ್ಲಿ. 1987ರ ಬೇಸಿಗೆ ರಜೆಯಲ್ಲಿ ಒಮ್ಮೆ ನನ್ನನ್ನು ಮುಂಬಯಿಗೆ ಕರೆಸಿಕೊಂಡಿದ್ದರು. ರಾಣಿಬಾಗಿನಲ್ಲಿ ಆನೆ ನೋಡಿ ಹೊರಬರುವಾಗ ಪಕ್ಕದ ದೊಡ್ಡ ಕಟ್ಟಡ ತೋರಿಸಿ ಒಳಗೆ ಹೋಗುವಾ ಎಂದೆ. “ಎಂತ ಕಾಂಬುಕಿತ್ತ್ ಅಲ್ಲಿ?” ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಎಂಟು ವರ್ಷದ ನನಗೆ ಆ ಸಿಟ್ಟು ಬಹಳ ದಿನ ಇತ್ತು.

ಅವರನ್ನು ಅದರೊಳಗೆ ಕರೆದುಕೊಂಡು ಹೋದದ್ದು ಮೂವತ್ತೊಂದು ವರ್ಷದ ನಂತರ. ಅಷ್ಟರಲ್ಲಿ ಅವರು ಊರಿಗೆ ಮರಳಿ, ಮಂಡಿನೋವಿಗೆ ಡಾಕ್ಟರಿಗೆ ತೋರಿಸಲೆಂದು ನಮ್ಮಲ್ಲಿಗೆ ಬಂದಿದ್ದರು. ಮೊದಲ ಸಲ ಹೋದದ್ದು ಬುಧವಾರ. ಬುಧವಾರ ಮ್ಯೂಸಿಯಮ್ಮಿಗೂ ರಜೆ, ರಾಣಿಬಾಗಿಗೂ ರಜೆ. ಹದಿನೆಂಟು ವರ್ಷ ಪ್ರಾಜೆಕ್ಟ್ ಪ್ಲಾನ್ ಮಾಡಿದವನ ಪ್ಲಾನಿಂಗ್ ಇದು! ಭಾನುವಾರ ಮತ್ತೆ ಹೊರಟೆವು.

ಈ ಮ್ಯೂಸಿಯಂ ತೆರೆದದ್ದು 1872ರಲ್ಲಿ, ವಿಕ್ಟೋರಿಯಾ ಮತ್ತು ಆಲ್ಬರ್ಟ್ ಹೆಸರಿನಲ್ಲಿ. ಊರಿನವರಿಂದ ಚಂದಾ ಎತ್ತಲು ಓಡಾಡಿದವರಲ್ಲಿ ವೈದ್ಯರೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಭಾವೂ ದಾಜಿ ಒಬ್ಬರು. 1975ರಲ್ಲಿ ಅವರ ಹೆಸರನ್ನೇ ಇಟ್ಟರು. ಹೆಸರು ಬದಲಾದರೂ ಕಟ್ಟಡ ಸೊರಗುತ್ತಲೇ ಹೋಯಿತು. 2003ರಲ್ಲಿ ಮುಂಬಯಿ ಮಹಾನಗರ ಪಾಲಿಕೆ, ಇಂಟ್ಯಾಕ್ ಮತ್ತು ಜಮನಾಲಾಲ್ ಬಜಾಜ್ ಪ್ರತಿಷ್ಠಾನ ಸೇರಿ ಒಪ್ಪಂದ ಮಾಡಿಕೊಂಡವು. ಆಸ್ತಿ ಪಾಲಿಕೆಯದೇ, ಕೆಲಸ ಇಂಟ್ಯಾಕಿನದು, ದೇಣಿಗೆ ಪ್ರತಿಷ್ಠಾನದ್ದು. ಮೂರು ಪಾರ್ಟಿ ಇರುವ ಪ್ರಾಜೆಕ್ಟು ಎಂದರೆ ನನ್ನಂಥವರ ಎದೆ ನಡುಗುತ್ತದೆ. ಸಹಿ ಒಬ್ಬರದು ಬಂದರೆ ಇನ್ನೊಬ್ಬರದು ಬರುವುದಿಲ್ಲ. ಆದರೂ ತಸ್ನೀಮ್ ಮೆಹ್ತಾ ಅವರ ಮುಂದಾಳುತನದಲ್ಲಿ, ವಾಸ್ತುಶಿಲ್ಪಿ ವಿಕಾಸ್ ದಿಲಾವರಿ ಜೊತೆಗಿದ್ದು ಕೆಲಸ ಮುಗಿಯಿತು. 2005ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ, 2008ರಲ್ಲಿ ಮತ್ತೆ ಬಾಗಿಲು ತೆರೆದದ್ದು. ಕೆಡವಿದ್ದಿಲ್ಲ, ಒಂದು ಮಹಡಿಯನ್ನೂ ಏರಿಸಿದ್ದಿಲ್ಲ. ನಮ್ಮ ಸೊಸೈಟಿಯ ಸೆಕ್ರೆಟರಿಗೆ ಇದನ್ನು ಹೇಳಿದರೆ, “ಹಾಗಾದರೆ ಎಕ್ಸ್‌ಟ್ರಾ ಕಾರ್ಪೆಟ್ ಏರಿಯಾ?” ಎಂದು ಕೇಳಿಯಾರು.

ಹೊರಗೆ ತೋಟದಲ್ಲಿ ಘಾರಾಪುರಿಯ ಕಲ್ಲಾನೆ ಇದೆ. ಎಲಿಫೆಂಟಾ ಎಂಬ ಹೆಸರಿಗೆ ಕಾರಣವಾದದ್ದು ಇದೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಕ್ರೇನು ಮುರಿದು, ಆನೆ ಬಿದ್ದು ಚೂರಾಯಿತು. ಆ ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ. ಅಪ್ಪಯ್ಯ ಅದರ ಕಾಲು ನೋಡಿ, “ಇದ್ ನಂಗೆ ಗೊತ್ತಿತ್ತ್” ಎಂದರು. ನಾನು ಅಷ್ಟೊಂದು ಗಮನ ಕೊಡಲಿಲ್ಲ.

ಹತ್ತು ರೂಪಾಯಿಯ ಟಿಕೆಟು ತೆಗೆದುಕೊಂಡು ಬಾಗಿಲಿಗೆ ಬಂದಾಗ ಅವರು ಚಪ್ಪಲಿ ಬಿಚ್ಚಿದರು. ಹಾಕಿಕೊಂಡೇ ಬರಬಹುದು ಅಂದರೂ ಒಂದು ಕ್ಷಣ ನನ್ನ ಮುಖ, ಸೆಕ್ಯೂರಿಟಿಯವನ ಮುಖ ನೋಡಿದರು. ಒಳಗೆ ತಿಳಿಹಸಿರು ಗೋಡೆ, ಚಿನ್ನದ ಲೇಪ, ಕಬ್ಬಿಣದ ಕಂಬಗಳು. ಬಹಳ ಹೊತ್ತು ಮೇಲೆ ನೋಡುತ್ತಾ ನಿಂತವರು ಮೆಲ್ಲಗೆ ಹೇಳಿದರು. ಇಲ್ಲಿಗೆ ಎಷ್ಟೋ ವರ್ಷ ದಿನಾ ಚಾ ತರುತ್ತಿದ್ದರಂತೆ. “ಆಫೀಸಿನ್ ತನ್ಕ ಮಾತ್ರ. ಒಳ್ಗೆ ಬಪ್ಪುದ್ ಬ್ಯಾಡ ಅಂದ್ ಯಾರೂ ಹೇಳ್ಲಿಲ್ಲ. ನಮ್ಗಲ್ಲ ಇದ್ ಅಂದೇಳಿ ನಾನೇ ಎಣ್ಸ್ಕಂಡಿದ್ದೆ.”

ಆ ಬೇಸಿಗೆಯ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಮೇಲಿನ ಮಹಡಿಯಲ್ಲಿ ಗಾಜಿನ ಕಪಾಟುಗಳೊಳಗೆ ಗೇಣುದ್ದದ ಮಣ್ಣಿನ ಗೊಂಬೆಗಳು. ಹತ್ತೊಂಬತ್ತನೇ ಶತಮಾನದ ಮುಂಬಯಿಯ ಜನ: ಕಸುಬಿನವರು, ಬಗೆಬಗೆಯ ಪೇಟ ಸುತ್ತಿದ ಬೇರೆಬೇರೆ ಸಮುದಾಯದವರು. ನಾನು ಇಂಗ್ಲಿಷ್ ಓದಿ ಮುಂದೆ ಹೋಗುತ್ತಿದ್ದರೆ ಅಪ್ಪಯ್ಯ ಮರಾಠಿ ಫಲಕಗಳನ್ನು ಒಂದೊಂದಾಗಿ ಅಕ್ಷರ ಕೂಡಿಸಿ ಓದುತ್ತಿದ್ದರು. ಆ ಲಿಪಿ ಅವರು ಕಲಿತದ್ದು ಬಸ್ಸಿನ ಬೋರ್ಡು ಮತ್ತು ಗಿರಾಕಿಗಳು ಬಿಟ್ಟುಹೋದ ಪೇಪರಿನಿಂದ. ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದ್ದಿದ್ದರೆ ಹತ್ತು ನಿಮಿಷಕ್ಕೆ ಹೊರಗೆ ಬರುತ್ತಿದ್ದೆವು. ಒಂದೂವರೆ ಗಂಟೆ ಕಳೆಯಿತು. ಕೊನೆಗೆ ತಿರುಗಿ ಕೇಳಿದರು: “ಹೋಟ್ಲ್ ಮಾಣಿ ಎಲ್ಲಿದ್ದ, ಕಾಣ್?”

ಎರಡು ಸುತ್ತು ಹಾಕಿದೆವು, ಸಿಗಲಿಲ್ಲ. ಸಿಗುವುದಾದರೂ ಹೇಗೆ, ನಮ್ಮವರು ಬಂದು ದೋಸೆ ಕಾವಲಿ ಇಟ್ಟದ್ದು ಆ ಗೊಂಬೆಗಳ ಕಾಲ ಮುಗಿದ ಮೇಲಲ್ಲವೇ? ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿಯವರ ಕಲಾಪ್ರದರ್ಶನ 2010ರಲ್ಲಿ ಇಲ್ಲೇ ನಡೆದಿತ್ತು ಎಂದು ಸಮಾಧಾನಕ್ಕೆ ಹೇಳಿದೆ. ಹಿತ್ತಿಲ ಕಡೆ ಹೊಸ ಕಟ್ಟಡಕ್ಕೆ 2014ರಲ್ಲಿ ಅಮೆರಿಕದ ಸ್ಟೀವನ್ ಹಾಲ್ ಅವರ ನಕ್ಷೆ ಆಯ್ಕೆಯಾದದ್ದನ್ನೂ ಹೇಳಿದೆ. ನಾವು ಹೋದಾಗ ಅದಿನ್ನೂ ಕಾಗದದ ಮೇಲೇ ಇತ್ತು. ಅಪ್ಪಯ್ಯ ನಕ್ಕು, “ಹೊಸತ್ ಕಟ್ಟುವತಿಗೆ ಒಂದ್ ಮಾಣಿ ಇಡುಕೆ ಹೇಳ್” ಎಂದರು. ಆ ಮಾತನ್ನು ನಾನು ಎಲ್ಲಿಯೂ ಹೇಳಲಿಲ್ಲ. ಒಂದು ಇಮೇಲಿನ ಕೆಲಸ. ನಾಳೆ ನಾಳೆ ಎಂದು ಹೋಯಿತು.

2021ರಲ್ಲಿ ಅವರು ತೀರಿಕೊಂಡರು. ಅಟ್ಟ ಗುಡಿಸುವಾಗ ಆರು ಗ್ಲಾಸಿನ ಚಾ ತಂತಿಬುಟ್ಟಿ ಸಿಕ್ಕಿತು. ತುಕ್ಕು ಹಿಡಿದು ಒಂದು ಕಾಲು ಸೊಟ್ಟಗಾಗಿದೆ. ತಮ್ಮ ಗುಜರಿಗೆ ಹಾಕಹೊರಟಿದ್ದ, ನಾನು ಠಾಣೆಗೆ ತಂದೆ. ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ.

ಮೊನ್ನೆ ಸೊಸೈಟಿಯವರು ಒಪ್ಪಿಗೆ ಪತ್ರ ತಂದುಕೊಟ್ಟರು. ಸಹಿ ಹಾಕಿದೆ. ಮನೆ ಖಾಲಿ ಮಾಡಲು ಒಯ್ಯುವುದು, ಮಾರುವುದು, ಬಿಸಾಡುವುದು ಎಂದು ಮೂರು ಕಾಲಮ್ಮಿನ ಎಕ್ಸೆಲ್ ಶೀಟು ಮಾಡಿದ್ದೇನೆ. ಬುಟ್ಟಿಯನ್ನು ಇನ್ನೂ ಯಾವುದರಲ್ಲೂ ಬರೆದಿಲ್ಲ. ಆ ಇಮೇಲು ಮಾತ್ರ ಈಗ ಡ್ರಾಫ್ಟಿನಲ್ಲಿದೆ.