ಗಾಡಿಗೂ ಒಂದು ಮೂಗು

ಲೋಕವು ಹಸಿವನ್ನು ಕುರಿತು ಆಡುವಷ್ಟು ಮಾತನ್ನು ಉಸಿರನ್ನು ಕುರಿತು ಆಡುವುದಿಲ್ಲ. ಮೋಟಾರು ಗಾಡಿಯ ವಿಷಯದಲ್ಲಿಯೂ ಇದೇ ರೂಢಿ. ಪೆಟ್ರೋಲಿನ ದರ ಏರಿದ ಸುದ್ದಿ ಮನೆಯ ಮಕ್ಕಳಿಗೂ ತಿಳಿಯುತ್ತದೆ. ಆ ಪೆಟ್ರೋಲಿನೊಡನೆ ಗಾಡಿ ಎಷ್ಟು ಗಾಳಿಯನ್ನು ನುಂಗುತ್ತದೆಂದು ಕೇಳಿದರೆ ಗಾಡಿಯ ಯಜಮಾನನೇ ತಲೆ ಕೆರೆದುಕೊಳ್ಳುತ್ತಾನೆ. ಲೆಕ್ಕವೇನೋ ಕಠಿಣವಲ್ಲ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಎಂದು ಹಿಡಿದರೆ ಅದಕ್ಕೆ ಹನ್ನೊಂದು ಕಿಲೋ ಗಾಳಿ. ಅಳತೆಯಲ್ಲಿ ಸುಮಾರು 9,000 ಲೀಟರ್. ಗಾಳಿಗೆ ದರವಿಲ್ಲ, ಆದ್ದರಿಂದಲೇ ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಮಲೆನಾಡಿನಲ್ಲಿ ಈ ಮರೆವಿನಿಂದ ಹೆಚ್ಚಿನ ಹಾನಿಯಿಲ್ಲ. ನಮ್ಮ ಬನಶಂಕರಿಯಲ್ಲಿ ಹಾಗಲ್ಲ. ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡದ ಬಳಿ, ಹರಿದ್ರಾತೀರ್ಥದ ಹೊಂಡವನ್ನು ಮುಂದಿಟ್ಟುಕೊಂಡು ನೆಲಸಿದ ಶಾಕಾಂಬರಿಯ ಸನ್ನಿಧಿ ಇದು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ಜಾತ್ರೆಯಾದರೋ ಅಲ್ಲಿಗೆ ಮುಗಿಯದೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಕೆತ್ತಿದ ಬಾಗಿಲು, ಚೌಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಬಸ್ಸು, ಟ್ರ್ಯಾಕ್ಟರು, ಟೆಂಪೋಗಳ ಗಾಲಿಯಿಂದ ಎದ್ದ ಧೂಳು ಮಾಗಿಯ ಒಣ ಹವೆಯಲ್ಲಿ ಸಂಜೆಯವರೆಗೂ ನೆಲಕ್ಕಿಳಿಯದು. ಭಕ್ತರು ಮೂಗಿಗೆ ಸೆರಗೋ ಟವೆಲ್ಲೋ ಹಿಡಿಯುತ್ತಾರೆ. ಗಾಡಿಗೆ ಹಿಡಿಯುವವರು ಯಾರು?

ಈ ಧೂಳು ಸಾಮಾನ್ಯದ್ದೂ ಅಲ್ಲ. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯನ್ನು ಚಾಲುಕ್ಯರ ಶಿಲ್ಪಿಗಳು ಕೊರೆದುದು ಈ ಕಲ್ಲಿನಲ್ಲಿಯೇ. ಮರಳುಗಲ್ಲಿನ ಬಹುಪಾಲು ಬೆಣಚಿನ ಕಣ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7; ಚಾಕುವಿನ ಅಲಗಿನದು ಸುಮಾರು 5.5. ಎಂದರೆ, ನಮ್ಮ ಊರಿನ ಧೂಳು ಉಕ್ಕನ್ನು ಗೀರಬಲ್ಲದು. ಅದು ಎಂಜಿನ್ನಿನೊಳಗೆ ಹೋಯಿತೆಂದರೆ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಉಪ್ಪುಕಾಗದದಂತೆ ಉಜ್ಜಿ, ಕೆಲವೇ ವರ್ಷಗಳಲ್ಲಿ ಗಾಡಿಯನ್ನು ಹೊಗೆ ಉಗುಳುವ ಮುದುಕನನ್ನಾಗಿ ಮಾಡುತ್ತದೆ.

ನಮ್ಮ ಮನೆಯಲ್ಲಿರುವುದು ಎಂಟು ವರ್ಷ ಹಳೆಯದಾದ ಒಂದು ಚಿಕ್ಕ ಪೆಟ್ರೋಲು ಕಾರು. ವಾರಕ್ಕೆ ಎರಡು ಬಾರಿ ಅದು ನನ್ನ ಅಣ್ಣನನ್ನು ಡಯಾಲಿಸಿಸ್ಸಿಗಾಗಿ ಬಾಗಲಕೋಟೆಗೆ ಕರೆದೊಯ್ಯುತ್ತದೆ. ಹೋಗುವಾಗ ಅಣ್ಣ ಊರ ಸುದ್ದಿಯನ್ನೆಲ್ಲ ಮಾತಾಡುತ್ತಾನೆ. ಬರುವಾಗ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿರುತ್ತಾನೆ. ಗಾಡಿ ನಡೆಸುವವನು ಅವನ ಮಗ. ಆದ್ದರಿಂದ, ಈ ಬಾರಿ ಏರ್ ಫಿಲ್ಟರು ಬದಲಿಸುವ ಹೊತ್ತು ಬಂದಾಗ ಹುಡುಗ ಪರ್ಫಾರ್ಮೆನ್ಸ್ ಫಿಲ್ಟರಿನ ಮಾತೆತ್ತಿದಾಗ ಅದನ್ನು ಹರೆಯದ ಹುಚ್ಚೆಂದು ತಳ್ಳಿಹಾಕುವಂತಿರಲಿಲ್ಲ.

"ಕಾಕಾ, ಏರಿನಾಗ ಲಾರಿ ಹಿಂದ ಸಿಕ್ಕರ ಗಾಡಿ ಏಳೂದ ಇಲ್ರಿ. ಬರೂಮುಂದ ಅಪ್ಪಾರು ಭಾಳ ಸುಸ್ತಾಗಿರ್ತಾರ. ಇದನ್ನ ಹಾಕಿದ್ರ ಒಂದೀಟು ಲಗೂನ ಮನಿ ಮುಟ್ಟಬಹುದು," ಎಂದ.

ಹುಡುಗನ ಆಸೆಯ ಬೆಲೆ ಹಲವು ಸಾವಿರ ರೂಪಾಯಿ. ಗಾಡಿಯೊಡನೆ ಬರುವಂಥ ಕಾಗದದ ಫಿಲ್ಟರಿಗೆ ಕೆಲವು ನೂರು ಸಾಕು. ಇವೆರಡರ ನಡುವಣ ವ್ಯತ್ಯಾಸವನ್ನು ತಿಳಿಯದೆ ಹೂಂ ಎನ್ನುವುದೂ ಸಲ್ಲ, ಉಹೂಂ ಎನ್ನುವುದೂ ಸಲ್ಲ.

ಗಾಡಿಗಳು ಗಾಳಿಯನ್ನು ಸೋಸಿಕೊಳ್ಳುವ ಬಗೆ ಹಲವು. ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಎಣ್ಣೆಯ ಬಟ್ಟಲೊಂದಿರುತ್ತಿತ್ತು. ಗಾಳಿ ಅದರ ಮೇಲೆ ತಟ್ಟನೆ ತಿರುಗುವಾಗ ಧೂಳು ಎಣ್ಣೆಗೆ ಬೀಳುತ್ತಿತ್ತು. ಈಗಿನ ಕಾರುಗಳಲ್ಲಿ ಇರುವುದು ನೆರಿಗೆ ಹಿಡಿದ ಕಾಗದ. ಸೀರೆಯ ನೆರಿಗೆಯಂತೆ ಚಿಕ್ಕ ಜಾಗದಲ್ಲಿ ದೊಡ್ಡ ಹಾಸನ್ನು ಅಡಗಿಸುವ ಉಪಾಯ ಅದು. ಮೂರನೆಯದು ಎಣ್ಣೆ ಸವರಿದ ಹತ್ತಿಯ ತೆಳುಬಟ್ಟೆಯ ಪದರಗಳು. ಪರ್ಫಾರ್ಮೆನ್ಸ್ ಫಿಲ್ಟರೆಂದು ಮಾರಾಟವಾಗುವುದು ಹೆಚ್ಚಾಗಿ ಇದೇ. ಈ ಬಗೆಯಲ್ಲಿ ಲೋಕಪ್ರಸಿದ್ಧವಾದ ಕೆ ಅಂಡ್ ಎನ್ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾಯಿತು. ಹತ್ತಿಯ ಎಳೆಗಳ ನಡುವಣ ಕಿಂಡಿ ದೊಡ್ಡದು; ಗಾಳಿ ಸರಾಗವಾಗಿ ಹಾಯುತ್ತದೆ, ಧೂಳನ್ನು ಎಣ್ಣೆಯ ಅಂಟು ಹಿಡಿಯುತ್ತದೆ. ಕೊಳೆಯಾದರೆ ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಸವರಿ ವರ್ಷಗಟ್ಟಲೆ ಬಳಸಬಹುದು. ಈ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ, ಗಾಳಿಯನ್ನು ಅಳೆಯುವ ಸೂಕ್ಷ್ಮ ತಂತಿಯಿರುವ ಗಾಡಿಗಳಲ್ಲಿ ಅದರ ಮೇಲೆ ಕುಳಿತು ಅಳತೆಯನ್ನು ಕೆಡಿಸುವ ಭಯವುಂಟು.

ಗುಳೇದಗುಡ್ಡದಲ್ಲಿ ಖಣ ನೇಯುವ ಹಿರಿಯ ಬಂಧುವೊಬ್ಬರು ಆ ದಿನ ನಮ್ಮ ಮನೆಗೆ ಬಂದಿದ್ದರು. ಹುಡುಗ ಗೆಳೆಯನಿಂದ ತಂದಿದ್ದ ಹತ್ತಿಯ ಫಿಲ್ಟರನ್ನು ಅವರು ದೀಪಕ್ಕೆ ಹಿಡಿದು, ಬೆರಳಿನಿಂದ ನೇಯ್ಗೆಯನ್ನು ಸವರಿ ನೋಡಿದರು. ಎಂಜಿನ್ನಿನ ವಿಚಾರ ಅವರಿಗೆ ತಿಳಿಯದು. ಬಟ್ಟೆಯ ವಿಚಾರ ಅವರಷ್ಟು ನಮಗೆ ತಿಳಿಯದು.

"ತಮ್ಮಾ, ಹಿಟ್ಟು ಸಾಣಿಸೂದು ಬ್ಯಾರೆ, ಹಾಲು ಸೋಸೂದು ಬ್ಯಾರೆ. ನೀ ಏನು ತಡೀಬೇಕಾಗೈತಿ ಅದನ್ನ ಮೊದಲು ಹೇಳು. ಅರಿವಿ ಯಾವುದು ಅನ್ನೂದು ಆಮ್ಯಾಲೆ."

ಈ ಮಾತಿಗಿಂತ ಹೆಚ್ಚಿನದನ್ನು ವಿಜ್ಞಾನವೂ ಹೇಳುವುದಿಲ್ಲ. ಗಾಳಿಯ ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಅರಿಜೋನಾ ಧೂಳೆಂದು ಹೆಸರಾದ, ಕಣದ ಗಾತ್ರವನ್ನು ಗೊತ್ತುಪಡಿಸಿದ ಧೂಳನ್ನು ಫಿಲ್ಟರಿಗೆ ಉಣಿಸಿ ಮೂರು ಸಂಗತಿಗಳನ್ನು ನೋಡುತ್ತಾರೆ: ಎಷ್ಟು ಧೂಳನ್ನು ತಡೆಯಿತು, ಎಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿತು, ಗಾಳಿಗೆ ಎಷ್ಟು ಅಡ್ಡಿ ಮಾಡಿತು. ಜಾಹೀರಾತಿನ ದಪ್ಪಕ್ಷರ ಸಾಮಾನ್ಯವಾಗಿ ಮೂರನೆಯದಕ್ಕೇ ಮೀಸಲು. ಕೊಳ್ಳುವವನು ಮೊದಲನೆಯದನ್ನು ಕೇಳಬೇಕು. ಒಂದು ಫಿಲ್ಟರು ನೂರಕ್ಕೆ 99 ಪಾಲು, ಇನ್ನೊಂದು 97 ಪಾಲು ಧೂಳನ್ನು ತಡೆಯುತ್ತದೆ ಎಂದುಕೊಳ್ಳಿ. ವ್ಯತ್ಯಾಸ ಎರಡೇ ಎಂದು ತೋರುತ್ತದೆ. ಆದರೆ ಒಳಗೆ ಹೋದದ್ದನ್ನು ಎಣಿಸಿದರೆ ಅಲ್ಲಿ ಒಂದು, ಇಲ್ಲಿ ಮೂರು. ಎಂಜಿನ್ನು ತಿನ್ನುವುದು ತಡೆದದ್ದನ್ನಲ್ಲ, ಹಾದುಹೋದದ್ದನ್ನು.

ಹಾಗಾದರೆ ಏರಿನಲ್ಲಿ ಬೇಕಾದ ದಮ್ಮಿನ ಮಾತೇನು? ಪೆಟ್ರೋಲು ಗಾಡಿಯ ಆಕ್ಸಿಲರೇಟರು ತುಳಿಯುವುದನ್ನು ನಾವು ಪೆಟ್ರೋಲು ಕೊಡುವುದು ಎನ್ನುತ್ತೇವೆ. ವಾಸ್ತವವಾಗಿ ಅದು ಗಾಳಿಯ ಬಾಗಿಲನ್ನು ತೆರೆಯುವ ಕೆಲಸ. ಸಮನಾದ ರಸ್ತೆಯಲ್ಲಿ ಆ ಬಾಗಿಲು ಮುಕ್ಕಾಲು ಮುಚ್ಚಿಯೇ ಇರುತ್ತದೆ. ಬಾಗಿಲನ್ನು ಓರೆ ಮಾಡಿಟ್ಟುಕೊಂಡು ಹೊರಗಿನ ಅಂಗಳವನ್ನು ಅಗಲ ಮಾಡಿದರೆ ಒಳಗೆ ಬರುವವರ ಸಂಖ್ಯೆ ಹೆಚ್ಚುವುದುಂಟೆ? ಪೂರ್ತಿ ತುಳಿದಾಗ ಮಾತ್ರ ಫಿಲ್ಟರಿನ ಅಡ್ಡಿ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಕಟ್ಟಿಕೊಂಡ ಫಿಲ್ಟರನ್ನು ತೆಗೆದು ಶುಚಿಯಾದುದನ್ನು ಹಾಕಿದರೆ, ಈಗಿನ ಇಂಜೆಕ್ಷನ್ ಗಾಡಿಗಳ ಮೈಲೇಜು ಹೆಚ್ಚೇನೂ ಬದಲಾಗದು. ಆದರೆ ವೇಗ ಹಿಡಿಯುವ ಹೊತ್ತು ನೂರಕ್ಕೆ 6ರಿಂದ 11ರಷ್ಟು ಸುಧಾರಿಸಬಹುದು. ಗಮನಿಸಿ, ಇಲ್ಲಿ ತುಲನೆ ಕಟ್ಟಿಕೊಂಡದ್ದಕ್ಕೂ ಶುಚಿಯಾದದ್ದಕ್ಕೂ, ಕಾಗದಕ್ಕೂ ಹತ್ತಿಗೂ ಅಲ್ಲ.

ಇಷ್ಟನ್ನು ಓದಿದ ಮೇಲೆ ಹುಡುಗನೇ ಮಿಸ್ತ್ರಿಯನ್ನು ಕರೆತಂದು ಬಾನೆಟ್ ತೆರೆಸಿದ. ಪೆಟ್ಟಿಗೆಯೊಳಗಿನ ಕಾಗದ ಜಾತ್ರೆಯ ಹೊಲದ ಬಣ್ಣಕ್ಕೆ ತಿರುಗಿತ್ತು. ಬಡಿದಾಗ ನೆರಿಗೆಗಳಿಂದ ಕೆಂಪು ಪುಡಿ ಉದುರಿ ನೆಲದ ಮೇಲೆ ಒಂದು ಸಣ್ಣ ಗುಡ್ಡೆಯಾಯಿತು. ಏರಿನಲ್ಲಿ ಗಾಡಿ ಏಕೆ ಏಳುತ್ತಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇನ್ನೊಂದು ಸಂಗತಿಯನ್ನು ಮಿಸ್ತ್ರಿ ಬೆರಳಿಟ್ಟು ತೋರಿಸಿದ. ಪೆಟ್ಟಿಗೆಯ ಒಂದು ಕ್ಲಿಪ್ಪು ಸಡಿಲಾಗಿ, ಆ ಮೂಲೆಯ ರಬ್ಬರಿನ ಅಂಚು ಬಿಗಿಯಾಗಿ ಕೂರುತ್ತಿರಲಿಲ್ಲ.

"ಸಾಹೇಬ್ರ, ಎಂಥಾ ಫಿಲ್ಟರ್ ಹಾಕಿದ್ರೇನ್ರಿ, ಇಲ್ಲಿ ಸಂದಿ ಇದ್ರ ಧೂಳು ಸುತ್ತು ಹಾಕಿ ಒಳಗ ಹೊಕ್ಕೈತಿ," ಎಂದ.

ಕ್ಲಿಪ್ಪು ಬದಲಾಯಿತು, ಕಾಗದದ ಹೊಸ ಫಿಲ್ಟರು ಕೂತಿತು. ಮರುದಿನ ಬಾಗಲಕೋಟೆಯಿಂದ ಬರುವಾಗ ಏರಿನಲ್ಲಿ ಗಾಡಿ ಮೊದಲಿನಂತೆ ಎದ್ದಿತು. ಉಳಿದ ಹಣಕ್ಕೆ ಹಿಂದಿನ ಎರಡು ಟಯರುಗಳು ಹೊಸವಾದವು. ಲಾರಿಗಳನ್ನು ಹಿಂದೆ ಹಾಕಿ ಉಳಿಸುವ ನಾಲ್ಕು ನಿಮಿಷಕ್ಕಿಂತ, ಮಳೆಯಲ್ಲಿ ಜಾರದೆ ಮನೆ ಸೇರುವ ಭರವಸೆ ಅಣ್ಣನಿಗೆ ಹೆಚ್ಚಿನದೆಂದು ಹುಡುಗನೇ ಹೇಳಿದ. ಆದರೂ, ಸ್ವಂತ ಸಂಪಾದನೆಯಲ್ಲಿ ಗಾಡಿ ಕೊಂಡ ದಿನ ಹತ್ತಿಯ ಫಿಲ್ಟರನ್ನೇ ಹಾಕುವೆನೆಂದು ಹೇಳುವುದನ್ನು ಅವನು ಬಿಟ್ಟಿಲ್ಲ. ಟಾರು ಹಾಕಿದ ಪಂದ್ಯದ ಹಾದಿಯಲ್ಲಿ ಓಡಿಸುವುದಾದರೆ ಹಾಕಲಿ. ಅಲ್ಲಿ ಅರೆಗಳಿಗೆಗೂ ಬೆಲೆಯಿದೆ, ಧೂಳಿನ ಕಾಟವಿಲ್ಲ.

ವಾಚಕರಲ್ಲಿ ಗಾಡಿಯುಳ್ಳವರಿಗೆ ಎರಡು ಮಾತು. ಧೂಳು ಹಿಡಿದ ಕಾಗದವನ್ನು ಕಂಪ್ರೆಸರಿನ ಜೋರುಗಾಳಿಗೆ ಒಡ್ಡಿ ಹೊಸದು ಮಾಡಲು ಹೋಗಬೇಡಿ; ಕಣ್ಣಿಗೆ ಕಾಣದ ಬಿರುಕು ಮೂಡಿದರೆ ಅದು ಇದ್ದೂ ಇಲ್ಲದಂತೆ. ಆದರೆ ತೆಳುವಾಗಿ ಕೂತ ಧೂಳಿಗೆ ಹೆದರಿ ಮೇಲಿಂದ ಮೇಲೆ ಬದಲಿಸಬೇಕಾದುದೂ ಇಲ್ಲ. ಆ ತೆಳುಪದರವೇ ಮುಂದಿನ ಸಣ್ಣ ಕಣಗಳನ್ನು ತಡೆಯಲು ನೆರವಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರುಗಳು ಒಳ್ಳೆಯ ರಸ್ತೆಗೆ ಸೇರಿದವು. ಧೂಳಿನ ಊರಿನವರು ಅದಕ್ಕಿಂತ ಬೇಗ ತೆರೆದು ನೋಡಬೇಕೆಂಬುದನ್ನು ಆ ಪುಸ್ತಕಗಳೇ ಸಾಮಾನ್ಯವಾಗಿ ಹೇಳಿರುತ್ತವೆ.

ನಮ್ಮ ಮನೆಯಲ್ಲಿ ಈಗ ಅದಕ್ಕೊಂದು ತಿಥಿ ಗೊತ್ತಾಗಿದೆ. ಬನದ ಹುಣ್ಣಿಮೆ ಕಳೆದು, ಜಾತ್ರೆ ತೀರಿ, ನಾಟಕ ಕಂಪನಿಗಳು ಡೇರೆ ಕಿತ್ತ ಮರುದಿನ ಹುಡುಗ ಬಾನೆಟ್ ತೆರೆಯುತ್ತಾನೆ. ಅಣ್ಣ ಕಟ್ಟೆಯ ಮೇಲೆ ಕುಳಿತು, ಈ ವರ್ಷ ಎಷ್ಟು ಧೂಳು ಬಿತ್ತೆಂದು ಕೇಳುತ್ತಾನೆ.