ಎರಡನೇ ನಂಬರಿನ ಮಾಡು

ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡಿಯೇ ಕೊಳ್ಳುತ್ತಾರೆ. ನಮ್ಮಜ್ಜ ಮಾತ್ರ ಹೊಸ ಮಡಕೆ, ಹಲಸಿನಕಾಯಿ, ಕೊನೆಗೆ ಶೀತವಾದಾಗ ನನ್ನ ಬೆನ್ನನ್ನೂ ಬಿಡುತ್ತಿರಲಿಲ್ಲ. ಮಡಚಿದ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, ತಲೆ ಓರೆ ಮಾಡಿ ಕೇಳಿ, ‘ಒಂದನೇ ನಂಬರ್’ ಅಥವಾ ‘ಇದು ಎರಡು’ ಎಂದು ತೀರ್ಪು ಕೊಡುವರು. ಮೂಗು ಎಷ್ಟು ಸುರಿದರೂ ನನ್ನ ಬೆನ್ನು ಸದಾ ಒಂದನೇ ನಂಬರ್. ಅಷ್ಟರಮಟ್ಟಿಗೆ ಅವರು ಪಕ್ಷಪಾತಿ.

ನೇತ್ರಾವತಿಯ ದಡದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅವರು ಮಾಡಿದ್ದು ಇದನ್ನೇ. ಭಟ್ಟಿ ಆರಿದ ಮೇಲೆ ಹೊರಬಂದ ಹೆಂಚನ್ನು ಒಂದೊಂದಾಗಿ ಬಡಿಯುವುದು. ಚೆನ್ನಾಗಿ ಬೆಂದದ್ದು ಕಂಚಿನ ಹಾಗೆ ಟಣ್ ಅನ್ನುತ್ತದೆ. ಒಳಗೆ ಕೂದಲಷ್ಟು ಬಿರುಕಿದ್ದರೂ ಸದ್ದು ಒಡೆಯುತ್ತದೆ, ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಚ್ಚಿದ ಭಟ್ಟಿಯ ಬೆಂಕಿ ಗುರುಪುರ, ನೇತ್ರಾವತಿ ಹೊಳೆಗಳ ಉದ್ದಕ್ಕೂ ಹಬ್ಬಿ, ಇಲ್ಲಿನ ಗದ್ದೆಯ ಜೇಡಿಮಣ್ಣು ಹಡಗು ಹತ್ತಿ ಆಫ್ರಿಕಾದ ಮನೆಗಳ ಮೇಲೂ ಕೂತಿತು. ಅಜ್ಜ ಇದನ್ನು ಹೇಳುತ್ತಿದ್ದುದು ಬೇರೆ ಥರ. ‘ನಮ್ಮ ಊರಿಗೆ ಫರಂಗಿಯವರು ಬಂದು ಹೆಸರು ಬಿಟ್ಟು ಹೋದರು, ಮಂಗಳೂರಿಗೆ ಜರ್ಮನಿಯವರು ಬಂದು ಹೆಂಚು ಬಿಟ್ಟು ಹೋದರು. ನಮಗೆ ಅನ್ನ ಹಾಕಿದ್ದು ಎರಡನೆಯದು.’ ಮೊಂತೆ ಮರಿಯಾನೊ ಇಗರ್ಜಿಯ ಗುಡ್ಡದ ಕಡೆ ಕೈ ತೋರಿಸಿ ಹೀಗೆ ಹೇಳಿ, ಫರಂಗಿಪೇಟೆಯ ಹೋಟೆಲಿನಲ್ಲಿ ಚಾ ಕುಡಿದು, ನನಗೆ ಪೇಪರಿನಲ್ಲಿ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದರು. ಮನೆ ತಲುಪುವಾಗ ಪೇಪರಿನ ಅಕ್ಷರ ಎಣ್ಣೆಯಲ್ಲಿ ಎರಡೂ ಕಡೆಯಿಂದ ಓದಲು ಬರುತ್ತಿತ್ತು.

ಊರಿಗೆಲ್ಲ ಒಂದನೇ ನಂಬರ್ ಹೆಂಚು ಆರಿಸಿ ಕೊಟ್ಟವರ ಮನೆಯ ಮಾಡು ಮಾತ್ರ ಪೂರ್ತಿ ಎರಡನೇ ನಂಬರಿನದು. ಕೆಲಸದವರಿಗೆ ಅದು ಕಡಿಮೆಗೆ ಸಿಗುತ್ತಿತ್ತು. 1974ರ ಬೊಳ್ಳದಲ್ಲಿ, ಅಂದರೆ ನೆರೆಯಲ್ಲಿ, ಮುಳಿಹುಲ್ಲಿನ ಹಳೆ ಮನೆಯ ಮಣ್ಣಿನ ಗೋಡೆ ಕರಗಿದ ಮೇಲೆ ಕಟ್ಟಿದ ಮನೆ ಇದು. ಮೂಲೆ ಮುರಿದದ್ದು, ಸೊಟ್ಟ ಬೆಂದದ್ದು, ಬಣ್ಣ ಕಪ್ಪಿಟ್ಟದ್ದು, ಎಲ್ಲ ನಮ್ಮ ತಲೆಯ ಮೇಲೆ. ಒಂದು ಹೆಂಚಿನಲ್ಲಿ ಬೆಕ್ಕಿನ ಹೆಜ್ಜೆ ಮೂಡಿತ್ತು. ಹಸಿ ಹೆಂಚು ಒಣಗುವಾಗ ಯಾವುದೋ ಬೆಕ್ಕು ನಡೆದದ್ದು. ‘ಬೆಕ್ಕು ಮೆಟ್ಟಿದ್ದಕ್ಕೆ ನಂಬರ್ ಹೋಯಿತು, ಪಾಪ, ಸೋರುವುದಿಲ್ಲ’ ಎಂದು ಅಜ್ಜ ಅದನ್ನು ತನ್ನ ಮಂಚದ ನೇರಕ್ಕೆ ಹೊದೆಸಿದ್ದರು. ಉಳಿದವು ಧಾರಾಳ ಸೋರುತ್ತಿದ್ದವು.

ಇಡೀ ಮಾಡಿನಲ್ಲಿ ಪೂರ್ತಿ ದುಡ್ಡು ಕೊಟ್ಟು ತಂದದ್ದೆಂದರೆ ಒಂದೇ ಒಂದು ಕನ್ನಡಿ ಹೆಂಚು. ನಾನು ಶಾಲೆಗೆ ಸೇರಿದ ವರ್ಷ ತಂದದ್ದು. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಮಾಡಿಗೆ ಹತ್ತುವಾಗ ಕೆಳಗೆ ಬಗ್ಗಿ ಕೇಳುವರು, ‘ಮಗಾ, ಈ ವರ್ಷ ಓದಲಿಕ್ಕೆ ಎಲ್ಲಿ ಕೂರುತ್ತಿ?’ ಒಂದು ವರ್ಷ ಕಿಟಕಿಯ ಬದಿ ಅಂದೆ, ಮರುವರ್ಷ ಭತ್ತದ ಪತ್ತಾಯದ ಪಕ್ಕ. ಹೇಳಿದ ಜಾಗದ ನೇರಕ್ಕೆ ಆ ಹೆಂಚು ಸರಿಯುತ್ತಿತ್ತು. ಎಸ್ಸೆಸ್ಸೆಲ್ಸಿಯ ವರ್ಷ ನಾನು ಮನೆಯಲ್ಲಿ ಓದಿದ್ದೇ ಕಡಿಮೆ. ಸುಮ್ಮನೆ ‘ಕಳೆದ ವರ್ಷದ್ದೇ ಇರಲಿ’ ಅಂದುಬಿಟ್ಟೆ. ಅದು ಮತ್ತೆ ಕದಲಲಿಲ್ಲ.

ಆ ಹೆಂಚಿನಿಂದ ಒಳಗೆ ಬೀಳುತ್ತಿದ್ದ ಬೆಳಕಿನ ನಿಜವಾದ ಫಲಾನುಭವಿ ಅಜ್ಜಿ. ನಾನು ಶಾಲೆಗೆ ಹೋದ ಮೇಲೆ ಬೀಡಿ ಕಟ್ಟಲು ತಡ್ಪೆ, ಅಂದರೆ ಮೊರ, ಹಿಡಿದು ಅಲ್ಲೇ ಕೂರುವರು. ಕೆಂಪು ನೆಲದ ಮೇಲೆ ಅಂಗೈಯಗಲದ ಬಿಸಿಲು ಗಂಟೆಗಂಟೆಗೆ ಸರಿದ ಹಾಗೆ ಅವರೂ ಸರಿಯುವರು. ಬಿಸಿಲು ಕಂಬದ ಬುಡ ಮುಟ್ಟಿದರೆ ಕಟ್ಟು ಕಟ್ಟಿ ಬೀಡಿ ಬ್ರಾಂಚಿಗೆ ಹೊರಡುವ ಹೊತ್ತು. ಗಡಿಯಾರ ಇತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ.

ನಿವೃತ್ತಿಯ ನಂತರವೂ ಅಜ್ಜ ಕಾರ್ಖಾನೆಯ ಕೂಗಿಗೇ ಏಳುತ್ತಿದ್ದರು. ಆಮೇಲೆ ಮಣ್ಣು ದುಬಾರಿಯಾಯಿತು, ಸೌದೆ ಇನ್ನೂ ದುಬಾರಿಯಾಯಿತು, ಜನ ತಾರಸಿ ಹಾಕಿಸಿದರು. ಒಂದು ದಿನ ಕೂಗೂ ನಿಂತಿತು. ಅದಕ್ಕೆ ಅಜ್ಜ ಏನೂ ಹೇಳಲಿಲ್ಲ, ಆದರೆ ಏಳುವ ಹೊತ್ತು ತಪ್ಪಲಿಲ್ಲ. ಅವರು ತೀರಿಕೊಂಡದ್ದು ಆಟಿ ತಿಂಗಳ ಮಳೆಯಲ್ಲಿ. ಬಂದ ಡಾಕ್ಟರು ಎದೆಯ ಮೇಲೆ ಎರಡು ಬೆರಳಿಟ್ಟು ಬಡಿದು ನೋಡಿದಾಗ, ಅಜ್ಜ ಕಣ್ಣು ತೆರೆದು ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ನಗು ಬಂತು, ನಕ್ಕದ್ದಕ್ಕೆ ಮಾವ ಗದರಿದರು.

ಈಗ ಮನೆಗೆ ತಾರಸಿ ಬಂದಿದೆ. ಸೋರುವುದಿಲ್ಲ, ಮಳೆಯ ಸದ್ದೂ ಇಲ್ಲ. ಹೆಂಚನ್ನೆಲ್ಲ ಹಳೆ ಸಾಮಾನಿನವರು ಲಾರಿಗೆ ಹೇರಿಕೊಂಡು ಹೋದರು. ಬೆಕ್ಕಿನ ಹೆಜ್ಜೆಯದನ್ನು ತೆಗೆದಿಡಬೇಕೆಂದು ನನಗೆ ನೆನಪಾದದ್ದು ಲಾರಿ ಹೈವೇ ಮುಟ್ಟಿದ ಮೇಲೆ. ಕಳೆದ ವಾರ ಊರಿಗೆ ಹೋದಾಗ ಅಜ್ಜಿ ನಡುಮನೆಯಲ್ಲಿ ಕೂತು ಎಲೆ ಕತ್ತರಿಸುತ್ತಿದ್ದರು. ಮಧ್ಯಾಹ್ನವಾಯಿತು. ಅವರು ತಡ್ಪೆಯನ್ನು ಒಂದು ಗೇಣು ಕಂಬದ ಕಡೆ ತಳ್ಳಿ, ತಾವೂ ಸರಿದು ಕೂತು, ಸ್ವಲ್ಪ ಹೊತ್ತು ನೆಲ ನೋಡಿ, ‘ಆ ಲೈಟು ಹಾಕು ಮಗಾ’ ಅಂದರು.