ಸದ್ದಿಗೆ ಬಿದ್ದ ಈಡು

2017ರ ಏಪ್ರಿಲ್ 29, ಶನಿವಾರ, ಬೆಳಗಿನ ಜಾವ ನಾಲ್ಕೂವರೆ. ಗೈಡ್ ತಮ್ಮ ಪಿಕಪ್ ಗಾಡಿಯನ್ನು ತೋಡಿನ ದಡಕ್ಕೆ ತಂದು ನಿಲ್ಲಿಸಿದರು. ಹೆಡ್‌ಲೈಟಿನ ಬೆಳಕಿಗೆ ಮುಳುಗು ಸೇತುವೆ ಕಾಣುತ್ತಿತ್ತು. ಅದರ ಮೇಲೆ ಪಾದ ಮುಳುಗುವಷ್ಟು ನೀರು. ಅವರು ಇಳಿದು ದಡದ ಕೆಸರಿಗೆ ಒಂದು ಕೋಲು ಚುಚ್ಚಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು. ನೀರು ಏರುತ್ತಿರಲಿಲ್ಲ. ಗಾಡಿ ದಾಟಿತು. ಒಂಬತ್ತು ಗಂಟೆಯ ಹೊತ್ತಿಗೆ ಅದೇ ಸೇತುವೆಯ ಮೇಲೆ ಆಳೆತ್ತರದ ಕೆನ್ನೀರು ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ನಾವು ಆಚೆ ದಡದಲ್ಲಿದ್ದೆವು. ಗೈಡ್ ಅವರ ಭುಜದಿಂದ ನೆತ್ತರು ಇಳಿಯುತ್ತಿತ್ತು.

ಅದು ಅಮೆರಿಕದ ಮಿಸೌರಿ ರಾಜ್ಯದ ದಕ್ಷಿಣಕ್ಕಿರುವ ಒಜಾರ್ಕ್ ಗುಡ್ಡಗಾಡು, ಕರೆಂಟ್ ನದಿಯ ಸೀಮೆ. ಕಾಡು ಟರ್ಕಿ ಕೋಳಿಯ ಬೇಟೆಗೆಂದು ಹೋಗಿದ್ದೆ.

ನಾನು ಪುತ್ತೂರು ತಾಲೂಕಿನ ನರಿಮೊಗರಿನವನು. ಅಡಿಕೆ ತೋಟ, ಮೇಲೊಂದಿಷ್ಟು ಗೇರು ಗುಡ್ಡ. ಹಂದಿ, ಮಂಗ, ನವಿಲು ನುಗ್ಗುವ ಊರಾದ್ದರಿಂದ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ತೋಟೆ ಕೋವಿ ಮನೆಯಲ್ಲಿದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ನಮ್ಮ ಕಡೆಯ ಕೃಷಿಕರಿಗೆಲ್ಲ ಗೊತ್ತಿರುವ ಸಂಗತಿ. ಮಾವಂದಿರ ಕಾಲದಲ್ಲಿ ಕೆಡ್ಡಸ ಹಬ್ಬ ಬಂದರೆ ಊರಿಗೆ ಊರೇ ಬೇಟೆಗೆ ಹೊರಡುತ್ತಿತ್ತು. ನಾಯಿಗಳನ್ನು ಬಿಟ್ಟು ಕಾಡು ಸೋವುವವರು ಕೆಲವರು, ಕೋವಿ ಹಿಡಿದು ಆಯಕಟ್ಟಿನಲ್ಲಿ ಕಾದು ನಿಲ್ಲುವವರು ಕೆಲವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೆಲ್ಲ ಹಿರಿಯರ ಮಾತಿನಲ್ಲಿ ಮತ್ತು ನಮ್ಮ ತಾಲೂಕಿನವರೇ ಆದ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಪುಸ್ತಕದಲ್ಲಿ ಉಳಿಯಿತು. ನಿಂತದ್ದು ಒಳ್ಳೆಯದೇ ಆಯಿತು. ಇಂದು ಬೆಳಗಾದರೆ ಗೇರು ಗುಡ್ಡದಿಂದ ಕಾಡುಕೋಳಿಯ ಕೂಗು ಕೇಳುತ್ತದೆಂದರೆ ಆ ಕಾಯ್ದೆಯ ಪಾಲು ಅದರಲ್ಲಿದೆ.

ಅಕ್ಕ-ಭಾವ ಸೇಂಟ್ ಲೂಯಿಸ್ ನಗರದಲ್ಲಿದ್ದಾರೆ. "ಇಲ್ಲಿ ಕಾನೂನು ಪ್ರಕಾರವೇ ಒಂದು ಬೇಟೆ ನೋಡಿಕೊಂಡು ಹೋಗು ಭಾವ" ಎಂದು ಕರೆದುಕೊಂಡು ಹೋದವರು ಭಾವನೇ. ಪ್ರವಾಸಿ ವೀಸಾದಲ್ಲಿ ಹೋದವನು ಅಲ್ಲಿ ಕೋವಿ ಮುಟ್ಟಬೇಕಾದರೆ ಬೇಟೆಯ ಪರವಾನಗಿ ಜೇಬಿನಲ್ಲಿರಬೇಕು. ಅದನ್ನು ಮಾಡಿಸಿ, ಆ ಗುಡ್ಡದಲ್ಲೇ ಹುಟ್ಟಿ ಬೆಳೆದ ಅರುವತ್ತು ದಾಟಿದ ಒಬ್ಬ ಗೈಡ್ ಅವರನ್ನು ಗೊತ್ತುಮಾಡಿದ್ದರು. ಜಾಗ ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯಕ್ಕೆ ತಾಗಿದ ಖಾಸಗಿ ಕಾಡು. ಭಾವನಿಗೆ ಕೋವಿಯ ಗೊಡವೆ ಬೇಡ. ಅವರು ತೋಡಿನ ಈಚೆಗೆ ಬಿಡಾರದಲ್ಲೇ ಉಳಿದರು. ಆ ದಿನ ನಮ್ಮ ಜೀವ ಉಳಿಸಿದ ಸಂಗತಿಗಳಲ್ಲಿ ಅದೂ ಒಂದು.

ಹಿಂದಿನ ರಾತ್ರಿ ಗೈಡ್ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದ್ದರು. ವಸಂತದಲ್ಲಿ ಹೊಡೆಯಬಹುದಾದದ್ದು ಹುಂಜ, ಇಲ್ಲವೇ ಎದೆಯಲ್ಲಿ ಗಡ್ಡದಂಥ ಕೂದಲಿನ ಕುಚ್ಚು ಕಾಣುವ ಹಕ್ಕಿ ಮಾತ್ರ. ಆಗಿನ ನಿಯಮದಂತೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಶುರು, ಮಧ್ಯಾಹ್ನ ಒಂದಕ್ಕೆ ಬಂದ್. ಆ ಹಕ್ಕಿಗೆ ಮೂಗು ಚುರುಕಿಲ್ಲ, ಕಣ್ಣು ಮಾತ್ರ ಭಾರೀ ಚುರುಕು, ಬಣ್ಣವೂ ಕಾಣುತ್ತದೆ. ಆದ್ದರಿಂದ ಬೇಟೆಗಾರ ಮುಖದಿಂದ ಕಾಲಿನವರೆಗೆ ಎಲೆ-ತೊಗಟೆಯ ಬಣ್ಣದ ಬಟ್ಟೆ ತೊಟ್ಟು, ಹೇಂಟೆಯ ದನಿ ಮಾಡಿ ಹುಂಜವನ್ನು ಹತ್ತಿರ ಕರೆಯಬೇಕು. ಜಿಂಕೆ ಬೇಟೆಯಲ್ಲಾದರೆ ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ, ದೂರದಿಂದಲೇ ಮನುಷ್ಯನೆಂದು ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಕಾಡಿನಲ್ಲಿ ಮನುಷ್ಯ ಕಾಣುವುದಿಲ್ಲ, ಕೇಳುವುದು ಕೋಳಿಯ ದನಿ. "ಆದ್ದರಿಂದ ಇಲ್ಲಿ ಬೇಟೆಗಾರನಿಗೆ ಹೆಚ್ಚಿನ ಅಪಾಯ ಇನ್ನೊಬ್ಬ ಬೇಟೆಗಾರನಿಂದಲೇ" ಎಂದರು.

ಮೂರು ನಿಯಮ ಹೇಳಿದರು. ಒಂದು, ಮೈಮೇಲೆ ಕೆಂಪು, ಬಿಳಿ, ನೀಲಿ ಬಣ್ಣ ಇರಬಾರದು. ಹುಂಜದ ತಲೆಯ ಬಣ್ಣಗಳು ಅವೇ. ನನ್ನ ಹೆಗಲ ಮೇಲಿದ್ದ ಕೆಂಪು ಗೆರೆಯ ಬೈರಾಸನ್ನು ಆಗಲೇ ಚೀಲಕ್ಕೆ ಸೇರಿಸಿದರು. ಎರಡು, ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟೇ ಕೂರಬೇಕು. ಮೂರು, ಬೇರೆ ಬೇಟೆಗಾರ ಕಂಡರೆ ಕೈ ಬೀಸಬಾರದು, ಅಲುಗಾಡಬಾರದು. ಗಟ್ಟಿಯಾಗಿ ಮನುಷ್ಯರ ದನಿಯಲ್ಲಿ ಕೂಗಬೇಕು.

ಆ ಹಕ್ಕಿಯ ಕಥೆಯನ್ನೂ ಹೇಳಿದರು. ಲಂಗುಲಗಾಮಿಲ್ಲದ ಬೇಟೆಯಿಂದ, ಕಾಡು ಕಡಿದದ್ದರಿಂದ 1952ರ ಹೊತ್ತಿಗೆ ಇಡೀ ಮಿಸೌರಿಯಲ್ಲಿ ಎರಡೂವರೆ ಸಾವಿರಕ್ಕಿಂತಲೂ ಕಡಿಮೆ ಹಕ್ಕಿಗಳು ಉಳಿದಿದ್ದವು. ಗೂಡಿನಲ್ಲಿ ಸಾಕಿ ಕಾಡಿಗೆ ಬಿಟ್ಟದ್ದು ಫಲಿಸಲಿಲ್ಲ. ಕೊನೆಗೆ ಉಳಿದ ಕಾಡುಹಕ್ಕಿಗಳನ್ನೇ ಬಲೆಯಲ್ಲಿ ಹಿಡಿದು ಬೇರೆ ಬೇರೆ ಕಾಡುಗಳಿಗೆ ಬಿಟ್ಟರು. ಅದು ಫಲಿಸಿತು. 1960ರಲ್ಲಿ ಬೇಟೆ ಮತ್ತೆ ತೆರೆಯಿತು. ಈಗ ಆ ರಾಜ್ಯದಲ್ಲಿ ಅವು ಲಕ್ಷಗಟ್ಟಲೆ ಇವೆ. 1937ರ ಕಾನೂನಿನಂತೆ ಬೇಟೆಯ ಬಂದೂಕು, ತೋಟೆಗಳ ಮೇಲೆ ಶೇ. 11 ತೆರಿಗೆ ಹಾಕಿ, ಆ ಹಣವನ್ನು ಕಾಡುಪ್ರಾಣಿಗಳ ರಕ್ಷಣೆಗೇ ರಾಜ್ಯಗಳಿಗೆ ಹಂಚುತ್ತಾರೆ.

ಬೆಳಕು ಹರಿಯುವ ಮೊದಲು ನಾವಿಬ್ಬರೂ ಗುಡ್ಡದ ಇಳಿಜಾರಿನಲ್ಲಿ ಒಂದು ದಪ್ಪ ಓಕ್ ಮರದ ಬುಡ ಹಿಡಿದಿದ್ದೆವು. ರಾತ್ರಿಯ ಮಳೆ ಹೊಳವಾಗಿತ್ತು. ಎಲೆಗಳಿಂದ ತಟತಟ ಹನಿ. ಮುಂದೆ ಇಪ್ಪತ್ತು ಮಾರು ದೂರದಲ್ಲಿ ಪ್ಲಾಸ್ಟಿಕ್ಕಿನ ಒಂದು ಹೇಂಟೆ ನಿಲ್ಲಿಸಿದ್ದರು. ಗೈಡ್ ಎರಡೂ ಕೈಗಳನ್ನು ಬಾಯಿಗೆ ಮುಚ್ಚಿ ಗೂಬೆಯಂತೆ ಕೂಗಿದರು. ಆಚೆ ದಿಬ್ಬದ ಮರದ ಮೇಲಿಂದ ಕೂಡಲೇ ಉತ್ತರ ಬಂತು: ಗೊಬಗೊಬಗೊಬ! ಗೂಬೆಯ ಕೂಗು ಕೇಳಿದರೆ, ಗುಡುಗಿದರೆ, ಆ ಹುಂಜಕ್ಕೆ ಸುಮ್ಮನಿರಲು ಆಗುವುದಿಲ್ಲ. ಅಷ್ಟರಲ್ಲೇ ಪಶ್ಚಿಮದಲ್ಲಿ ಗುಡುಗಿತು. ಹುಂಜ ಅದಕ್ಕೂ ಉತ್ತರ ಕೊಟ್ಟಿತು.

ಗೈಡ್ ಅಂಗೈಯಗಲದ ಒಂದು ಸ್ಲೇಟು ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಡ್ಡಿಯಿಂದ ಅದರ ಮೇಲೆ ಸಣ್ಣ ಸುತ್ತು ಎಳೆದರು. ಕ್ಯೋಂಕ್, ಕ್ಯೋಂಕ್, ಕ್ಯೋಂಕ್. ಸಾಕ್ಷಾತ್ ಹೇಂಟೆ! ಕಣ್ಣು ಮುಚ್ಚಿ ಕೇಳಿದರೆ ಪಕ್ಕದಲ್ಲಿ ಮನುಷ್ಯ ಕೂತಿದ್ದಾನೆಂದು ನಾನೇ ನಂಬುತ್ತಿರಲಿಲ್ಲ. ಮರದಿಂದ ದೊಡ್ಡ ರೆಕ್ಕೆಗಳು ಬಡಿದು ಇಳಿದ ಸದ್ದು. ಆಮೇಲೆ ಮೌನ. ಆಮೇಲೆ ಒದ್ದೆ ಎಲೆಗಳ ಮೇಲೆ ಹೆಜ್ಜೆ.

ಬಂತು. ಎಂಟು-ಹತ್ತು ಕಿಲೋ ತೂಗುವ ಹುಂಜ. ಬಾಲವನ್ನು ಪೂರ್ತಿ ಬಿಡಿಸಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಉಜ್ಜುತ್ತ, ಎದೆ ಉಬ್ಬಿಸಿ ಒಂದು ಹೆಜ್ಜೆ ಇಡುವುದು, ನಿಲ್ಲುವುದು. ಕಪ್ಪೆಂದುಕೊಂಡಿದ್ದ ಗರಿಗಳಲ್ಲಿ ತಾಮ್ರ, ಹಸಿರು, ಕಂಚು ಹೊಳೆಯುತ್ತಿದ್ದವು. ಬೋಳು ತಲೆಯ ಮೇಲೆ ಬಿಳಿ, ಕೆನ್ನೆಯಲ್ಲಿ ನೀಲಿ, ಕೊರಳಲ್ಲಿ ಕಡುಗೆಂಪು. ಕೋವಿ ಮೊಣಕಾಲಿನ ಮೇಲಿತ್ತು. ನನ್ನ ಬೆರಳು ಇನ್ನೂ ಕುದುರೆಯ ಹೊರಗಿತ್ತು. ಗೈಡ್ ಕೊನೆಯ ಬಾರಿ ಕಡ್ಡಿ ಎಳೆದರು. ಕ್ಯೋಂಕ್.

ಢಂ!

ನನ್ನ ಕೋವಿಯಲ್ಲ. ಎಡಹಿಂದಿನಿಂದ. ಮುಖಕ್ಕೆ ತೊಗಟೆಯ ಚೂರು ರಾಚಿತು. ಹುಂಜ ಎದ್ದು ಗುಡ್ಡದ ಕೆಳಕ್ಕೆ ಹಾರಿಹೋಯಿತು. ಗೈಡ್ "ಆಹ್" ಎಂದು ಮಗ್ಗುಲಿಗೆ ವಾಲಿದರು. ಏಳಬೇಕು, ಓಡಬೇಕು ಎಂದು ಮೈಯೆಲ್ಲ ಕುದಿಯಿತು. ರಾತ್ರಿ ಕೇಳಿದ ಮೂರನೆಯ ನಿಯಮ ಹಿಡಿದು ನಿಲ್ಲಿಸಿತು. ಅಲುಗಾಡಲಿಲ್ಲ. ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ. ಏನು ಕೂಗಿದೆನೋ, ತುಳುವೋ ಕನ್ನಡವೋ, ಮನುಷ್ಯನ ದನಿ ಎಂಬುದಂತೂ ಆ ಕಾಡಿಗೆ ಗೊತ್ತಾಯಿತು.

ನಲುವತ್ತು ಮೀಟರ್ ದೂರದ ಪೊದೆಯಿಂದ ಒಬ್ಬ ಹುಡುಗ ಎದ್ದು ನಿಂತ. ಇಪ್ಪತ್ತರ ಆಸುಪಾಸು. ಮುಖ ಸುಣ್ಣದಂತೆ ಬಿಳುಚಿತ್ತು. ರಾಷ್ಟ್ರೀಯ ಅರಣ್ಯದ ಕಡೆಯಿಂದ ಹೇಂಟೆಯ ದನಿ ಹಿಡಿದು ತೆವಳುತ್ತ ಬಂದಿದ್ದ. ದನಿ ಬಂದಲ್ಲಿ ಏನೋ ಅಲುಗಿದ್ದು ಕಂಡಿತ್ತಂತೆ. ಅಲುಗಿದ್ದು ಸ್ಲೇಟಿನ ಮೇಲೆ ಆಡುತ್ತಿದ್ದ ಗೈಡ್ ಅವರ ಕೈ.

ಗೈಡ್ ಹಲ್ಲು ಕಚ್ಚಿಕೊಂಡು ಆಡಿದ ಮೊದಲ ಮಾತು: "ಕೋವಿಗಳನ್ನು ಖಾಲಿ ಮಾಡಿ. ಇಬ್ಬರೂ." ಎರಡನೆಯದು: "ನೆತ್ತರು ನಿಲ್ಲಿಸಿ." ಚರೆಗಳು ಎಡಭುಜಕ್ಕೂ ತೋಳಿಗೂ ಹೊಕ್ಕಿದ್ದವು, ಒಂದು ಕೆನ್ನೆಯನ್ನು ಸೀಳಿಕೊಂಡು ಹೋಗಿತ್ತು. ಅದೇ ಈಡಿನ ಹೆಚ್ಚಿನ ಚರೆಗಳನ್ನು ಓಕ್ ಮರ ತಡೆದಿತ್ತು. ನನ್ನ ತಲೆಗಿಂತ ಒಂದು ಗೇಣು ಮೇಲೆ ತೊಗಟೆಯಲ್ಲಿ ತೂತುಗಳ ಗುಂಪೇ ಇತ್ತು. ಚೀಲದಿಂದ ಬೈರಾಸು ತೆಗೆದು ಎರಡು ಸೀಳು ಮಾಡಿ, ಒಂದನ್ನು ಗಾಯಕ್ಕೆ ಒತ್ತಿ ಕಟ್ಟಿದೆ, ಇನ್ನೊಂದರಲ್ಲಿ ತೋಳನ್ನು ಕೊರಳಿಗೆ ತೂಗುಹಾಕಿದೆ. ಕಟ್ಟಿ ಮುಗಿಯುವಷ್ಟರಲ್ಲಿ ಮಳೆ ಬಂತು. ನಮ್ಮ ಆಟಿ ತಿಂಗಳ ಮಳೆಯನ್ನು ಕಂಡವನು ನಾನು. ಅಂಥದ್ದೇ ಮಳೆ.

ಕೋವಿಗಳನ್ನು ಮರದ ಬುಡದಲ್ಲೇ ಬಿಟ್ಟು ಗಾಡಿಯ ಕಡೆಗೆ ಇಳಿದೆವು. ಗಾಡಿ ಹತ್ತಿ ಸೇತುವೆಗೆ ಬಂದರೆ ಸೇತುವೆಯೇ ಇಲ್ಲ. ಗೈಡ್ ಚುಚ್ಚಿದ್ದ ಕೋಲು ಎಲ್ಲೋ ಹೋಗಿತ್ತು. ಹುಡುಗ ಗಾಬರಿಯಲ್ಲಿ "ವೇಗವಾಗಿ ಹೊಡೆದರೆ ದಾಟಬಹುದು" ಎಂದ. ಗೈಡ್ ಬೇಡವೆಂದು ತಲೆಯಾಡಿಸಿದರು: "ಇಲ್ಲಿ ಸಾಯುವವರೆಲ್ಲ ಹಾಗೆ ಹೇಳಿಯೇ ಸಾಯುತ್ತಾರೆ." ಗುಂಡ್ಯ ಹೊಳೆಯ ಹೊಸ್ಮಠ ಸೇತುವೆ ಮುಳುಗುವುದನ್ನು ಮಳೆಗಾಲದುದ್ದಕ್ಕೂ ನೋಡಿ ಬೆಳೆದ ನನಗೆ ಆ ಮಾತು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಉಳಿದದ್ದು ಒಂದೇ ದಾರಿ, ಮೇಲಕ್ಕೆ. ಗುಡ್ಡದ ನೆತ್ತಿಯಲ್ಲಿ ಮರ ಸಾಗಿಸುವ ಲಾರಿಗಳ ಹಳೆಯ ರಸ್ತೆಯಿದೆ ಎಂದರು ಗೈಡ್.

ಹತ್ತಿದೆವು. ಹುಡುಗ ಮುಂದೆ, ಅವನ ಹೆಗಲಿಗೆ ಆತುಕೊಂಡು ಗೈಡ್, ಹಿಂದಿನಿಂದ ಬೆಲ್ಟು ಹಿಡಿದು ನಾನು. ಸುಣ್ಣಕಲ್ಲಿನ ಗುಡ್ಡ, ಒದ್ದೆ ಎಲೆಯ ಅಡಿಯಲ್ಲಿ ಕಲ್ಲು ಜಾರುತ್ತಿತ್ತು. ಅರ್ಧ ಏರುವಷ್ಟರಲ್ಲಿ ಅಡ್ಡಲಾಗಿ ಒಂದು ಕಿರುತೊರೆ. ನಿನ್ನೆವರೆಗೆ ಒಣಗಿದ್ದ ಚಡಿ, ಈಗ ಬೊಬ್ಬಿರಿಯುತ್ತಿತ್ತು. ಅದರ ಮೇಲೆ ಯಾವ ಕಾಲದಲ್ಲೋ ಬಿದ್ದ ಒಂದು ಮರ. ನಿಂತು ನಡೆಯುವ ಹಾಗಿಲ್ಲ, ಕಾಲು ಇಳಿಬಿಟ್ಟು ಕೂತು ಸರಿಯಬೇಕು. ಹುಡುಗ ದಾಟಿದ. ಗೈಡ್ ಒಂದೇ ಕೈಯಲ್ಲಿ ಸರಿದು ಸರಿದು ದಾಟಿದರು. ನಾನು ನಡುವಿಗೆ ಬಂದಿದ್ದೆ. ಮೇಲಿನಿಂದ ಬುಡಸಮೇತ ಕಿತ್ತ ಒಂದು ಗಿಡ ತೇಲಿ ಬಂದು ಮರಕ್ಕೆ ಬಡಿಯಿತು. ಮರ ಮಗುಚಿತು. ಸೊಂಟದವರೆಗೆ ನೀರು, ಕಾಲಿಗೆ ನೆಲವಿಲ್ಲ, ಎರಡೂ ಕೈ ಒಂದು ಕೊಂಬೆಯ ಮೇಲೆ. ತೊಗಟೆ ಸಿಪ್ಪೆಸಿಪ್ಪೆಯಾಗಿ ಕೈಯಲ್ಲೇ ಕಿತ್ತು ಬರುತ್ತಿತ್ತು. ಒಂದು ಬೆರಳು ಜಾರಿತು, ಇನ್ನೊಂದು ಜಾರಿತು. ಹುಡುಗ ಹೊಟ್ಟೆಯಡಿಯಾಗಿ ಮರದ ಮೇಲೆ ಬಿದ್ದು ನನ್ನ ಅಂಗಿಯ ಕಾಲರು ಹಿಡಿದ. ಎಳೆದ. ಬಿಡಲಿಲ್ಲ. ದಡದ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಾಗ ಅವನು ಅಳುತ್ತಿದ್ದುದು ಮಳೆಯಲ್ಲೂ ಕೇಳಿಸುತ್ತಿತ್ತು.

ನೆತ್ತಿ ಮುಟ್ಟಿದಾಗ ಫೋನಿನಲ್ಲಿ ಒಂದು ಗೆರೆ ಸಿಗ್ನಲ್. ಅಷ್ಟರಲ್ಲಾಗಲೇ ತೋಡು ಏರಿದ್ದನ್ನು ಕಂಡ ಭಾವ ತುರ್ತು ಸೇವೆಗೆ ತಿಳಿಸಿ, ಗುಡ್ಡದ ಮೇಲಿನ ರಸ್ತೆಯನ್ನೂ ವಿಚಾರಿಸಿಟ್ಟಿದ್ದರು. ಮೊದಲು ಬಂದದ್ದು ಸಂರಕ್ಷಣಾ ಇಲಾಖೆಯ ಅಧಿಕಾರಿಯ ಜೀಪು, ಹಿಂದಿನಿಂದ ಆಂಬುಲೆನ್ಸು. "ಭಾವ, ನೀನು ಸರಿ ಇದ್ದೀಯಲ್ಲ?" ಎಂದು ಜೊತೆಗೆ ಬಂದಿದ್ದ ಭಾವ ನನ್ನ ಎರಡೂ ತೋಳು ಮುಟ್ಟಿ ನೋಡಿದರು. ಮಾತು ಹೊರಡಲಿಲ್ಲ, ತಲೆಯಾಡಿಸಿದೆ.

ಅಧಿಕಾರಿ ಹುಡುಗನನ್ನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ನೀನು ಗಡ್ಡ ನೋಡಿದೆಯಾ?" ಗಡ್ಡ ಕಂಡಿದ್ದರೆ ಹೊಡೆಯಬಹುದಾದ ಹಕ್ಕಿಯೆಂದು ಖಾತ್ರಿ. ಆ ಖಾತ್ರಿಯಿಲ್ಲದೆ ಈಡು ಹಾಕುವ ಹಾಗೇ ಇಲ್ಲ. ಹುಡುಗ ಇಲ್ಲ ಎಂದ. ಹೇಳಿಕೆ ಬರೆದುಕೊಂಡು ಪ್ರಕರಣ ದಾಖಲಿಸಿದರು.

ಆ ರಾತ್ರಿಯೂ ಮಳೆ ಬಿಡಲಿಲ್ಲ. ಮರುದಿನ ವಾನ್ ಬ್ಯೂರೆನ್ ಪಟ್ಟಣದಲ್ಲಿ ಕರೆಂಟ್ ನದಿ 37 ಅಡಿ ದಾಟಿತು. 1904ರಿಂದ ಉಳಿದು ಬಂದಿದ್ದ 29 ಅಡಿಯ ದಾಖಲೆ ಅಳಿಸಿಹೋಯಿತು. ಮನೆಗಳು ಅಡಿಪಾಯದಿಂದ ಕಿತ್ತುಹೋದವು. ಗೈಡ್ ಅವರ ಗಾಡಿ ಸಿಗಲಿಲ್ಲ. ಅವರು ಗುಣವಾದರು. ತೆಗೆಯಲಾಗದ ಕೆಲವು ಚರೆಗಳು ಭುಜದಲ್ಲೇ ಉಳಿದಿವೆ.

ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ಹಂದಿಯೆಂದು ತಿಳಿದು ಹಾಕಿದ ಈಡಿಗೆ ಜೊತೆಗಾರನೇ ಬಲಿಯಾದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಕೊಡಗಿನಿಂದ, ಮಲೆನಾಡಿನಿಂದ. ಕದ್ದು ಬೇಟೆಗೆ ಹೋದವನಿಗೆ ಗೈಡ್ ಇಲ್ಲ, ನಿಯಮ ಹೇಳುವವರಿಲ್ಲ, ಗಾಯವಾದರೆ ಆಸ್ಪತ್ರೆಗೆ ಒಯ್ಯುವ ಧೈರ್ಯವೂ ಜೊತೆಯವರಿಗಿಲ್ಲ. ಅಷ್ಟು ಕಟ್ಟುಪಾಡಿನ ನಾಡಿನಲ್ಲೇ, ಹಗಲು ಹೊತ್ತಿನಲ್ಲೇ ಹೀಗಾದರೆ, ಕತ್ತಲಲ್ಲಿ ತಲೆಗೆ ಟಾರ್ಚು ಕಟ್ಟಿಕೊಂಡು ಪೊದೆಯ ಸರಸರಕ್ಕೆ ಈಡು ಹಾಕುವವನ ಮುಂದೆ ಯಾರಿರುತ್ತಾರೋ ದೇವರೇ ಬಲ್ಲ. ಅಡಿಕೆ ಹೆಕ್ಕಲು ಬಂದವಳಿರಬಹುದು, ನೀರು ಬಿಡಲು ಬಂದ ನೆರೆಮನೆಯವನಿರಬಹುದು.

ಪುತ್ತೂರು, ಸುಳ್ಯ, ಕಡಬದಲ್ಲಿ ಲೈಸೆನ್ಸಿನ ಕೋವಿ ಇಟ್ಟುಕೊಂಡಿರುವ ಕೃಷಿಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಕೋವಿ ಇರುವುದು ತೋಟ ಕಾಯಲು, ಕಾಡಿಗೆ ಒಯ್ಯಲು ಅಲ್ಲ. ತೋಟದಲ್ಲಿಯೂ ಸದ್ದಿಗೆ, ಅಲುಗಿದ್ದಕ್ಕೆ, ಹೊಳೆದ ಕಣ್ಣಿಗೆ ಈಡು ಹಾಕಬೇಡಿ. ಎದುರಿಗಿರುವುದು ಏನೆಂದು ಪೂರ್ತಿ ಕಾಣುವವರೆಗೆ ಬೆರಳು ಕುದುರೆಯ ಹೊರಗೇ ಇರಲಿ. ಮನೆಯ ಮಕ್ಕಳಿಗೂ ಇದನ್ನೇ ಮೊದಲು ಕಲಿಸಿ.